‘ಮೊಂಡ’ ಎಂದು ಬರೆಯುವ ಮೊದಲು: ಪ್ರಾಣಿ ಪಳಗಿಸುವವರಿಗೆ ಒಂದು ದೋಷ ನಿವಾರಣೆ ಕೈಪಿಡಿ

ಕುಂದಗೋಳ ತಾಲೂಕಿನ ಒಂದು ಊರಿನಿಂದ ಮುಂಗಾರು ಬಿತ್ತನೆಗೆ ತುಸು ಮುಂಚೆ ನನಗೆ ಬಂದ ಕರೆಯಲ್ಲಿ ದೂರು ಒಂದೇ ಮಾತಿನದಾಗಿತ್ತು: “ಎಡಗಡೆ ಎತ್ತು ಮೊಂಡ ಬಿದ್ದೈತ್ರಿ ಸರ, ಹಳ್ಳದ ಏರು ಬಂತಂದ್ರ ಬೇಕಂತನ ನಿಂದರತೈತಿ.” ಈ ಮಾತಿನಲ್ಲಿ ಕಣ್ಣಿಗೆ ಕಂಡ ಸಂಗತಿ ಒಂದೇ ಇದೆ: ಎತ್ತು ಏರಿನಲ್ಲಿ ನಿಲ್ಲುತ್ತದೆ. ‘ಮೊಂಡ’ ಮತ್ತು ‘ಬೇಕಂತ’ ಎಂಬ ಉಳಿದೆರಡು ಪದಗಳನ್ನು ಯಾರೂ ಕಂಡಿಲ್ಲ, ಎತ್ತು ನಿಂತದ್ದನ್ನು ನೋಡಿದ ಮೇಲೆ ಸೇರಿಸಿದ್ದಾರೆ. ನಾಯಿ, ಎತ್ತು, ಎಮ್ಮೆಗಳನ್ನು ಪಳಗಿಸುವ ನಮ್ಮಂಥವರ ಬಳಿಗೆ ಬರುವ ದೂರುಗಳು ಬಹುಮಟ್ಟಿಗೆ ಹೀಗೆಯೇ ಇರುತ್ತವೆ. ನಾವೂ ಅದೇ ಪದವನ್ನು ವಹಿಯಲ್ಲಿ ಬರೆದುಕೊಂಡು ಕೆಲಸ ಶುರು ಮಾಡುತ್ತೇವೆ. ನಾನು ಕೈಹಾಕಿ ಸೋತ ಪ್ರಕರಣಗಳನ್ನು ಈಗ ತಿರುವಿ ನೋಡಿದರೆ ಹೆಚ್ಚಿನವು ಆ ಮೊದಲ ಪದದಲ್ಲಿಯೇ ದಾರಿ ತಪ್ಪಿವೆ. ಆದ್ದರಿಂದ ಈ ಕೈಪಿಡಿಯಲ್ಲಿ ಮೊದಲ ತಪಾಸಣೆ ನಮ್ಮ ವಹಿಗೆ, ಪ್ರಾಣಿಯ ಸರದಿ ಆಮೇಲೆ.

ಹೆಸರನ್ನು ತೆಗೆದು ನಡೆದದ್ದನ್ನು ಬರೆಯುವುದು

ನಾಯಿ ಏಕೆ ಕಚ್ಚಿತು ಎಂದು ಕೇಳಿದರೆ ಅದು ಸಿಟ್ಟಿನ ನಾಯಿ ಎನ್ನುತ್ತೇವೆ. ಸಿಟ್ಟಿನ ನಾಯಿ ಎಂದು ಹೇಗೆ ತಿಳಿಯಿತು ಎಂದರೆ, ಕಚ್ಚಿತಲ್ಲ ಎನ್ನುತ್ತೇವೆ. ಗಾಣದ ಎತ್ತಿನ ಹಾಗೆ ದಿನವಿಡೀ ನಡೆದರೂ ಊರು ಮುಟ್ಟದ ವಾದವಿದು. ‘ಮೊಂಡ’, ‘ಸೊಕ್ಕು’, ‘ಹಟ’, ‘ಕಳ್ಳಿ’ ಮುಂತಾದ ಎಲ್ಲ ಪದಗಳಿಗೂ ಇದೇ ಗುಣವಿದೆ. ಅವು ಕಾರಣ ಹೇಳಿದಂತೆ ಕೇಳಿಸುತ್ತವೆ, ಆದರೆ ವರ್ತನೆಯನ್ನೇ ಇನ್ನೊಂದು ಸಲ ಹೇಳುತ್ತವೆ. ಕಾರಣ ಸಿಕ್ಕಿತೆಂಬ ಸಮಾಧಾನ ಉಂಟಾಗುವುದರಿಂದ ಹುಡುಕಾಟವೂ ಅಲ್ಲಿಗೇ ನಿಂತುಹೋಗುತ್ತದೆ.

ಬ್ರಿಟಿಷ್ ಮನೋವಿಜ್ಞಾನಿ ಲಾಯ್ಡ್ ಮಾರ್ಗನ್ 1894ರಲ್ಲಿಯೇ ಇದಕ್ಕೊಂದು ಕಡಿವಾಣ ಹಾಕಿದ್ದರು. ಪ್ರಾಣಿಯ ಒಂದು ಕ್ರಿಯೆಯನ್ನು ಸರಳವಾದ ಮಾನಸಿಕ ಸಾಮರ್ಥ್ಯದಿಂದ ವಿವರಿಸಲು ಸಾಧ್ಯವಿರುವಾಗ ಅದಕ್ಕಿಂತ ಮೇಲ್ಮಟ್ಟದ ಸಾಮರ್ಥ್ಯವನ್ನು ಅದರ ಮೇಲೆ ಹೊರಿಸಬಾರದು ಎಂಬುದು ಅವರ ನಿಯಮ. ಅವರ ಸ್ವಂತ ನಾಯಿ ಟೋನಿ ತಲೆಯಿಂದ ಗೇಟಿನ ಚಿಲಕ ಎತ್ತಿ ಹೊರಗೆ ಹೋಗುವುದನ್ನು ಒಮ್ಮೆ ಮಾತ್ರ ನೋಡಿದವರಿಗೆ ಅದು ಚಿಲಕದ ಮರ್ಮ ಅರಿತಂತೆಯೇ ಕಾಣುತ್ತಿತ್ತು. ಮಾರ್ಗನ್ ಮಾತ್ರ ಅದು ಸಂದಿಗಳಲ್ಲಿ ತಲೆ ತೂರಿಸುತ್ತ ತೂರಿಸುತ್ತ ಒಂದು ದಿನ ಅಕಸ್ಮಾತ್ತಾಗಿ ಚಿಲಕ ಎತ್ತಿದ್ದನ್ನೂ, ಆಮೇಲೆ ನಿಧಾನವಾಗಿ ಕೈಗೂಡಿಸಿಕೊಂಡದ್ದನ್ನೂ ಮೊದಲಿನಿಂದ ಕಂಡಿದ್ದರು. ಪ್ರಾಣಿಗೆ ಮನಸ್ಸಿಲ್ಲ, ನೋವಿಲ್ಲ ಎಂದು ಈ ನಿಯಮಕ್ಕೆ ಅರ್ಥ ಕಟ್ಟುವವರಿದ್ದಾರೆ. ನಾನು ಆ ಪಂಗಡದವನಲ್ಲ. ಎಮ್ಮೆಗೆ ಅಂಜಿಕೆಯಾಗಿದೆ ಎಂದು ಊಹಿಸಲು ಅಡ್ಡಿಯಿಲ್ಲ. ಆ ಊಹೆಗೆ ವಹಿಯಲ್ಲಿ ಬೇರೆ ಕಾಲಮ್ಮು ಇರಬೇಕು, ಕಣ್ಣಿಗೆ ಕಂಡದ್ದರ ಜೊತೆ ಅದು ಬೆರೆಯಬಾರದು.

ನಮೂದಿನಲ್ಲಿ ಇರಬೇಕಾದದ್ದು ಇಷ್ಟೇ: ಹೊತ್ತು, ಜಾಗ, ಹತ್ತಿರ ಇದ್ದವರು, ವರ್ತನೆಗೆ ತೀರ ಮುಂಚೆ ನಡೆದದ್ದು, ಪ್ರಾಣಿಯ ಮೈ ಮಾಡಿದ್ದು, ಅದಾದ ಕೂಡಲೇ ಮನುಷ್ಯರು ಮಾಡಿದ್ದು. ಕೊನೆಯದನ್ನೇ ಬಹಳ ಜನ ಬಿಡುತ್ತಾರೆ. ಏನೂ ಆಗದ ದಿನಗಳನ್ನೂ ತಪ್ಪದೆ ಬರೆಯಬೇಕು. ದೋಷದ ಸುಳಿವು ಅನೇಕ ಸಲ ಅಂಥ ದಿನಗಳಲ್ಲಿಯೇ ಇರುತ್ತದೆ.

ಹಳ್ಳದ ಏರಿನ ಎತ್ತು

ಎತ್ತಿನ ಮಾಲೀಕರು ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ವಹಿ ಇಡುವ ಮಾತು ಅವರಿಗೆ ಹಿಡಿಸಲಿಲ್ಲ. “ಎತ್ತಿಂದು ಲೆಕ್ಕ ಬರಿಯೂದು ಯಾವ ಶಾಸ್ತ್ರೋ ತಮ್ಮಾ” ಎಂದರು. ಕೊನೆಗೆ ಏಳನೆಯ ತರಗತಿಯಲ್ಲಿದ್ದ ಅವರ ಮೊಮ್ಮಗಳು ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಆರು ದಿನ ಬರೆದಳು. ಅವಳ ಒಂದು ನಮೂದನ್ನು ಇದ್ದ ಹಾಗೆಯೇ ಕೊಡುತ್ತೇನೆ: “ಸೋಮವಾರ ಮುಂಜಾನೆ. ಚಕ್ಕಡಿ ತುಂಬ ಗೊಬ್ಬರ. ಏರಿನ ಬುಡಕ್ಕ ನಿಂತಿತು. ಕಿವಿ ಹಿಂದ. ತಲಿ ಕೆಳಗ. ಅಜ್ಜ ಮೂಗುದಾರ ಜಗ್ಗಿದ. ತಲಿ ಮ್ಯಾಲೆತ್ತಿ ಬಲಕ್ಕ ಸರೀತು. ಮತ್ತ ಜಗ್ಗಿದ. ಸರೀಲಿಲ್ಲ. ಅಜ್ಜ ಕೊಳ್ಳ ಹರದ.” (ಕೊಳ್ಳ ಹರಿಯುವುದೆಂದರೆ ಎತ್ತಿನ ಹೆಗಲಿನಿಂದ ನೊಗ ಬಿಚ್ಚುವುದು.) ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿರುವವರ ವರದಿಗಳಲ್ಲಿಯೂ ಇಷ್ಟು ಚೊಕ್ಕಟವಾದ ವಿವರಣೆಯನ್ನು ನಾನು ಕಂಡದ್ದು ಕಡಿಮೆ, ಅವಳು ಎತ್ತಿಗೆ ಒಂದು ಗುಣವನ್ನೂ ಹಚ್ಚಿರಲಿಲ್ಲ.

ಆರು ದಿನಗಳಲ್ಲಿ ನಾಲ್ಕು ದಿನ ಚಕ್ಕಡಿಯಲ್ಲಿ ಗೊಬ್ಬರವಿತ್ತು, ಎರಡು ದಿನ ಬರಿದಾಗಿತ್ತು. ಗೊಬ್ಬರವಿದ್ದ ನಾಲ್ಕೂ ದಿನ ಎತ್ತು ಏರಿನಲ್ಲಿ ನಿಂತಿತ್ತು, ಬರಿ ಚಕ್ಕಡಿಯ ಎರಡೂ ದಿನ ಅದೇ ಏರನ್ನು ಸರಾಗವಾಗಿ ಹತ್ತಿತ್ತು. ತುಂಬಿದ ಚಕ್ಕಡಿಯನ್ನು ಸಪಾಟು ರಸ್ತೆಯಲ್ಲಿ ಒಮ್ಮೆಯೂ ನಿಲ್ಲದೆ ಎಳೆದಿತ್ತು. ಸ್ವಭಾವವೇ ಕಾರಣವಾಗಿದ್ದರೆ ಅದು ಬರಿ ಚಕ್ಕಡಿಯ ದಿನವೂ ತಲೆ ಎತ್ತಬೇಕಿತ್ತು. ಭಾರ ಮತ್ತು ಏರು ಎರಡೂ ಕೂಡಿದಾಗ ಮಾತ್ರ ಬರುವ ದೋಷವೆಂದರೆ, ಅವೆರಡೂ ಕೂಡಿದಾಗ ಎತ್ತಿನ ಮೈಯ ಯಾವ ಭಾಗಕ್ಕೆ ಏನಾಗುತ್ತದೆ ಎಂದು ನೋಡಬೇಕು. ಎರಡು ಗಾಲಿಯ ಚಕ್ಕಡಿ ಇಳಿಜಾರಿನಲ್ಲಿ ಸಾಗುವಾಗ ಭಾರ ಮುಂದಕ್ಕೆ ಬಂದು ಕುತ್ತಿಗೆಯ ಮೇಲೆ ಕೂರುತ್ತದೆ, ಏರಿನಲ್ಲಿ ಅದು ಹಿಂದಕ್ಕೆ ವಾಲುತ್ತದೆ. ಆದರೆ ಎಳೆಯಬೇಕಾದ ಬಲ ಹೆಚ್ಚುವುದರಿಂದ ನೊಗ ಹಿಂದಕ್ಕೆ ಸರಿದು ಹಿಣಿಲಿನ ಮುಂಬದಿಗೆ ಒತ್ತಿಕೊಳ್ಳುತ್ತದೆ.

ಆ ಜಾಗದಲ್ಲಿ ಕಣ್ಣಿಗೆ ಏನೂ ಕಾಣಿಸುತ್ತಿರಲಿಲ್ಲ. ಕೂದಲು ಸವೆದಿರಲಿಲ್ಲ, ರಕ್ತವಿರಲಿಲ್ಲ. ಅಂಗೈ ಇಟ್ಟರೆ ಮಾತ್ರ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿತ್ತು. ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಬೆನ್ನಿನವರೆಗೂ ಚರ್ಮ ನಡುಗಿ, ಎತ್ತು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಬಲಗಡೆಯ ಎತ್ತನ್ನು ಅದೇ ಜಾಗದಲ್ಲಿ ಅಷ್ಟೇ ಒತ್ತಿದಾಗ ಅದು ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. (ಜೋಡಿ ಇದ್ದಲ್ಲಿ ಇನ್ನೊಂದನ್ನು ಹೀಗೆ ತಾಳೆ ನೋಡುವುದು ಬಹಳ ಉಪಯೋಗದ ರೂಢಿ.) ಪಶುವೈದ್ಯರು ಬಂದು ಹೆಗಲು ಬಾವು ಎಂದು ಹೇಳಿ, ಚಿಕಿತ್ಸೆ ಕೊಟ್ಟು, ಬಾವು ಪೂರ್ತಿ ಇಳಿಯುವವರೆಗೆ ಹೂಡಬಾರದೆಂದರು. ಬಡಿಗರು ನೊಗದ ಒಳಮೈಯಲ್ಲಿ ಎದ್ದಿದ್ದ ಒಂದು ಗಂಟನ್ನು ಕೀಸಿ ನುಣುಪು ಮಾಡಿದರು.

ಮೂರು ವಾರಗಳ ನಂತರ ಬಾವು ಇಳಿದಿತ್ತು, ಒತ್ತಿದರೂ ಚರ್ಮ ನಡುಗುತ್ತಿರಲಿಲ್ಲ. ಆದರೂ ಎತ್ತು ಏರಿನ ಬುಡಕ್ಕೆ ಬಂದ ಕೂಡಲೇ ನಿಂತಿತು. ಕಾಕಾ ನನ್ನನ್ನು ನೋಡಿ, “ಈಗರ ಮೊಂಡ ಅಂತೀಯೋ ಇಲ್ಲೋ?” ಎಂದು ಕೇಳಿದರು. ದೋಷ ನಿವಾರಣೆಯಲ್ಲಿ ಬಹಳ ಜನ ಕೈಚೆಲ್ಲುವುದು ಇಲ್ಲಿಯೇ. ಒಂದು ಕಾರಣ ಸಿಕ್ಕು, ಅದನ್ನು ಸರಿಪಡಿಸಿದ ಮೇಲೆಯೂ ವರ್ತನೆ ಉಳಿದರೆ ಮನಸ್ಸು ಮತ್ತೆ ಹಳೆಯ ಪದಕ್ಕೆ ಓಡುತ್ತದೆ. ಉತ್ತರ ಮೊಮ್ಮಗಳ ನಮೂದಿನ ಕೊನೆಯ ಮಾತಿನಲ್ಲಿ ಮೊದಲಿನಿಂದಲೂ ಇತ್ತು: ಅಜ್ಜ ಕೊಳ್ಳ ಹರದ. ನಿಂತಾಗಲೆಲ್ಲ ಸ್ವಲ್ಪ ಹೊತ್ತಿನ ಜಗ್ಗಾಟದ ನಂತರ ನೊಗ ಇಳಿಯುತ್ತಿತ್ತು, ನೋವು ತಪ್ಪುತ್ತಿತ್ತು. ಯಾವ ಕ್ರಿಯೆಯ ಬೆನ್ನಿಗೆ ಹಿತವಾದ ಫಲ ಬರುತ್ತದೆಯೋ ಆ ಕ್ರಿಯೆ ಮರುಕಳಿಸುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಚಿಲಕದ ಪೆಟ್ಟಿಗೆಗಳಲ್ಲಿಟ್ಟು ತೋರಿಸಿಕೊಟ್ಟದ್ದು 1898ರಲ್ಲಿ. ಹಳ್ಳದ ಏರಿನಲ್ಲಿ ನಿಲ್ಲುವುದನ್ನು ಎತ್ತಿಗೆ ಕಲಿಸಿದ್ದು ನೋವು ಮತ್ತು ಕಾಕಾ ಇಬ್ಬರೂ ಕೂಡಿ. ನೋವು ಹೋದರೂ ಪಾಠ ಉಳಿದಿತ್ತು.

ಹೀಗಿದ್ದಾಗ ಎರಡು ದಾರಿಗಳಿವೆ. ಎಷ್ಟು ಹೊತ್ತು ನಿಂತರೂ ಕೊಳ್ಳ ಹರಿಯದಿರುವುದು ಒಂದು. ಅದು ಕೆಲಸ ಮಾಡುತ್ತದೆ, ಆದರೆ ಫಲ ನಿಂತುಹೋದಾಗ ವರ್ತನೆ ಇಳಿಯುವ ಮೊದಲು ಒಮ್ಮೆ ಜೋರಾಗಿ ಏರುತ್ತದೆ. ಚಕ್ಕಡಿಗೆ ಹೂಡಿದ ಎತ್ತು ಹಾಗೆ ಏರಿಬಿದ್ದರೆ ಎತ್ತಿಗೂ ಮನುಷ್ಯರಿಗೂ ಪೆಟ್ಟಾಗಬಹುದು. ಇನ್ನೊಂದು, 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಇಸ್ರೇಲ್ ಗೋಲ್ಡೈಮಂಡ್ ಮನುಷ್ಯರ ಚಿಕಿತ್ಸೆಯನ್ನು ಕುರಿತು ಹೇಳಿದ ದಾರಿ: ಬೇಡದ ವರ್ತನೆಯಿಂದ ಸಿಗುತ್ತಿದ್ದ ಅದೇ ಫಲವನ್ನು ಬೇಕಾದ ವರ್ತನೆಯಿಂದ ಸಿಗುವಂತೆ ಮಾಡುವುದು. ನಾವು ಬರಿ ಚಕ್ಕಡಿ ಹೂಡಿ, ಏರಿಗೆ ಇಪ್ಪತ್ತು ಹೆಜ್ಜೆ ಇರುವಾಗಲೇ, ಎತ್ತು ಇನ್ನೂ ನಡೆಯುತ್ತಿರುವಾಗಲೇ ನಿಲ್ಲಿಸಿ, ಕೊಳ್ಳ ಹರಿದು, ಒಂದು ಹಿಡಿ ಹಿಂಡಿ ತಿನ್ನಿಸಿದೆವು. ಮರುದಿನ ಹತ್ತು ಹೆಜ್ಜೆ ಮುಂದೆ, ಆಮೇಲೆ ಏರಿನ ಬುಡಕ್ಕೆ, ಆಮೇಲೆ ಏರಿನ ನಡುವೆ. ಒಂಬತ್ತನೆಯ ದಿನ ಅರ್ಧ ಚಕ್ಕಡಿ ಗೊಬ್ಬರದೊಂದಿಗೆ ಎತ್ತು ಏರನ್ನು ದಾಟಿತು. ನಡುವೆ ಆರನೆಯ ದಿನ ಮಾತ್ರ ಅದು ನಿಂತಿತ್ತು. ಅಂದು ನಾವು ಅವಸರ ಮಾಡಿ ಎರಡು ದಿನದ ದೂರವನ್ನು ಒಮ್ಮೆಗೇ ಕೇಳಿದ್ದೆವು.

ಕಾಯಬಾರದ ಲಕ್ಷಣಗಳು

ವಹಿ ಇಡುತ್ತ ಕೂರಬಾರದ ಸಂದರ್ಭಗಳಿವೆ. ಸಾಧುವಾಗಿದ್ದ ಪ್ರಾಣಿ ಎರಡು ಮೂರು ದಿನಗಳಲ್ಲಿ ಪೂರ್ತಿ ಬದಲಾದರೆ ಅದನ್ನು ರೋಗವೆಂದೇ ಹಿಡಿದು ಮೊದಲು ಪಶುವೈದ್ಯರನ್ನು ಕರೆಸಬೇಕು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಸಿಗುತ್ತದೆ. ಜೊಲ್ಲು ಸುರಿಸುತ್ತ, ನುಂಗಲಾರದೆ, ದನಿ ಒಡೆದು ಒದರುವ ಆಕಳನ್ನೋ ಎಮ್ಮೆಯನ್ನೋ ಕಂಡಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯೊಳಗೆ ಕೈ ಹಾಕುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ರೇಬಿಸ್ ಕೂಡ ಹಾಗೆಯೇ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಕೈ ಹಾಕಲೇಬಾರದು. ಕಚ್ಚಿದ ಗಾಯವನ್ನೂ ಜೊಲ್ಲು ತಾಗಿದ ಗಾಯವನ್ನೂ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಇಷ್ಟು ತುರ್ತಲ್ಲದ ಪ್ರಕರಣಗಳಲ್ಲಿಯೂ ಕಿವಿ, ಹಲ್ಲು, ಗೊರಸು, ಕೀಲು, ಕಣ್ಣುಗಳ ತಪಾಸಣೆ ಮುಗಿಯುವ ಮುನ್ನ ತರಬೇತಿ ಆರಂಭಿಸುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ.

‘ಹಾಲು ಏರಿಸುವ’ ಎಮ್ಮೆ

ಧಾರವಾಡದ ಪೇಡೆಯ ರುಚಿಯನ್ನು ಹೊಗಳುವವರು ಅದರ ಹಿಂದಿರುವ ಧಾರವಾಡಿ ಎಮ್ಮೆಯ ಸುದ್ದಿ ಎತ್ತುವುದು ಅಪರೂಪ. ಎಮ್ಮೆಯ ಸುದ್ದಿ ಬರುವುದು ಅದು ಹಾಲು ಕೊಡದಿದ್ದಾಗ. ಕೆಚ್ಚಲು ತುಂಬಿದ್ದರೂ ಹಾಲು ಬಿಡದ ಎಮ್ಮೆಯನ್ನು ‘ಕಳ್ಳಿ’ ಎನ್ನುತ್ತಾರೆ, ‘ಬೇಕಂತ ಹಾಲು ಏರಸ್ಕೋತೈತಿ’ ಎನ್ನುತ್ತಾರೆ. ಎಮ್ಮೆಯ ಕೆಚ್ಚಲಿನಲ್ಲಿ ಹಾಲಿನ ಬಹುಪಾಲು ಮೇಲಿನ ಸಣ್ಣ ಗ್ರಂಥಿಗಳಲ್ಲಿ ನಿಂತಿರುತ್ತದೆ. ಕರುವಿನ ಬಾಯಿಯೋ ಪರಿಚಿತ ಕೈಯೋ ಮೊಲೆಗೆ ತಾಗಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿದು, ಆ ಗ್ರಂಥಿಗಳನ್ನು ಹಿಂಡಿದ ಮೇಲೆಯೇ ಹಾಲು ಕೆಳಗೆ ಬರುತ್ತದೆ. ಇದು ಎಮ್ಮೆಯಲ್ಲಿ ಆಕಳಿಗಿಂತ ನಿಧಾನ. ಅಂಜಿಕೆ ಅಥವಾ ನೋವು ಆದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಈ ಕೆಲಸವನ್ನು ತಡೆಯುತ್ತದೆ. ಎಮ್ಮೆ ಮನಸ್ಸು ಮಾಡಿ ಹಾಲು ಏರಿಸುವುದೂ ಇಲ್ಲ, ಮನಸ್ಸು ಮಾಡಿ ಇಳಿಸುವುದೂ ಇಲ್ಲ.

ಆದ್ದರಿಂದ ಕೇಳಬೇಕಾದದ್ದು ‘ಯಾಕೆ ಕದಿಯುತ್ತದೆ’ ಎಂದಲ್ಲ, ‘ಯಾವತ್ತಿನಿಂದ, ಏನು ಬದಲಾದ ಮೇಲೆ’ ಎಂದು. ಹಿಂಡುವವರು ಬದಲಾದರೇ? ಕರು ಸತ್ತಿತೇ? ಹೊಸ ತಗಡಿನ ಚಾವಣಿಯ ಮೇಲೆ ಮಳೆ ಬಡಿಯುತ್ತಿದೆಯೇ? ಒಂದು ಮೊಲೆಯಲ್ಲಿ ಗಟ್ಟಿ, ಬಿಸಿ, ಹಾಲಿನಲ್ಲಿ ಹೆಪ್ಪು ಕಂಡರೆ ಕೆಚ್ಚಲು ಬಾವಿನ ಶಂಕೆಯಿಂದ ವೈದ್ಯರ ಕಡೆಗೆ ಹೋಗಬೇಕು. ಗದಗ ಕಡೆಯ ಒಂದು ಮನೆಯಲ್ಲಿ ಎಮ್ಮೆ ಸಂಜೆ ಮಾತ್ರ ಹಾಲು ಬಿಡುತ್ತಿರಲಿಲ್ಲ. ಮುಂಜಾನೆ ಅತ್ತೆ ಹಿಂಡುವಾಗ ಮೊದಲು ಗೋದಲಿಗೆ ಹಿಂಡಿ ಹಾಕಿ ಆಮೇಲೆ ಕೂರುತ್ತಿದ್ದರು, ಸಂಜೆ ಸೊಸೆ ಹಾಲು ಕರೆದು ಮುಗಿಸಿದ ಮೇಲೆ ಅದನ್ನು ಹಾಕುತ್ತಿದ್ದರು. ಕ್ರಮ ಬದಲಿಸಿದ ನಾಲ್ಕನೆಯ ಸಂಜೆ ಸರಿಯಾಯಿತು. ಅಂಗಡಿಯಿಂದ ಸೂಜಿ ತಂದು ಆಕ್ಸಿಟೋಸಿನ್ ಚುಚ್ಚುವವರಿಗೆ ಹೇಳುವ ಮಾತು ಇಷ್ಟೇ: ಅದು ವೈದ್ಯರ ಕೈಯಲ್ಲಿರಬೇಕಾದ ಔಷಧ, ದೋಷವನ್ನು ಮುಚ್ಚುತ್ತದೆಯೇ ಹೊರತು ತೋರಿಸುವುದಿಲ್ಲ.

‘ಯಜಮಾನಿಕೆ ಮಾಡುವ’ ನಾಯಿ

ಹುಬ್ಬಳ್ಳಿಯ ಮನೆಗಳಿಂದ ಬರುವ ನಾಯಿಗಳ ದೂರುಗಳಲ್ಲಿ ಬೇರೊಂದು ಪದವಿದೆ. ನಾಯಿ ಮನೆಯ ಮೇಲೆ ಯಜಮಾನಿಕೆ ಮಾಡುತ್ತಿದೆ, ತಾನೇ ಗುಂಪಿನ ನಾಯಕ ಎಂದುಕೊಂಡಿದೆ ಎಂಬುದು ಆ ದೂರು. ಇದಕ್ಕೊಂದು ವಂಶಾವಳಿಯೇ ಇದೆ. ರುಡಾಲ್ಫ್ ಶೆಂಕೆಲ್ ಎಂಬ ಸ್ವಿಸ್ ಪ್ರಾಣಿವಿಜ್ಞಾನಿ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಮೇಲಿನ ಸ್ಥಾನಕ್ಕಾಗಿ ಕಾದಾಡುತ್ತವೆ ಎಂದು 1947ರಲ್ಲಿ ಬರೆದರು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ವಿಚಾರವನ್ನು ಎಲ್ಲೆಡೆ ಹರಡಿದರು. ಆಮೇಲೆ ಅದೇ ಮೆಕ್ ಕೆನಡಾದ ಕಾಡು ತೋಳಗಳನ್ನು ವರ್ಷಗಟ್ಟಲೆ ಗಮನಿಸಿ, ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರ, ಅಲ್ಲಿ ಪಟ್ಟಕ್ಕಾಗಿ ಹೋರಾಟ ನಡೆಯುವುದಿಲ್ಲ ಎಂದು 1999ರಲ್ಲಿ ತಮ್ಮ ಮಾತನ್ನು ತಿದ್ದಿಕೊಂಡರು. ತಿದ್ದುಪಡಿ ನಮ್ಮ ಓಣಿಗಳಿಗೆ ಇನ್ನೂ ಬಂದು ಮುಟ್ಟಿಲ್ಲ.

ವಿದ್ಯಾನಗರದ ಒಂದು ಮನೆಯಲ್ಲಿ ಲ್ಯಾಬ್ರಡಾರ್ ಊಟದ ತಟ್ಟೆಯ ಹತ್ತಿರ ಬಂದವರ ಮೇಲೆ ಗುರುಗುಟ್ಟುತ್ತಿತ್ತು. ಅದನ್ನು ಬೆನ್ನ ಮೇಲೆ ಕೆಡವಿ ಒತ್ತಿ ಹಿಡಿಯಿರಿ ಎಂಬ ಸಲಹೆ ಅವರಿಗೆ ಮೊದಲೇ ಸಿಕ್ಕಿತ್ತು, ಹಾಗೆ ಮಾಡಿಯೂ ಇದ್ದರು. ಪದವನ್ನು ತೆಗೆದು ನೋಡಿದಾಗ ಕಂಡದ್ದು ದೂರದ ಲೆಕ್ಕ. ಮನುಷ್ಯರು ಎಂಟು ಅಡಿ ಆಚೆ ಇದ್ದಾಗ ನಾಯಿ ನಿರಾಳವಾಗಿ ತಿನ್ನುತ್ತಿತ್ತು, ಐದು ಅಡಿಗೆ ಬಂದಾಗ ಗಬಗಬನೆ ತಿನ್ನುತ್ತಿತ್ತು, ನಾಲ್ಕಕ್ಕೆ ಮೈ ಸೆಟೆದು ಬಾಯಿ ನಿಲ್ಲುತ್ತಿತ್ತು, ಮೂರಕ್ಕೆ ಗುರುಗುಟ್ಟುತ್ತಿತ್ತು. ಮನೆಯ ಯಜಮಾನಿಕೆಯನ್ನು ಅಡಿಗಳಲ್ಲಿ ಅಳೆಯಲಾಗದು, ತಟ್ಟೆ ಕಸಿದುಕೊಂಡಾರೆಂಬ ಆತಂಕವನ್ನು ಅಳೆಯಬಹುದು. ಆ ಮನೆಯ ಹುಡುಗ ನಾಯಿಯ ತಾಳ್ಮೆ ಪರೀಕ್ಷಿಸಲು ತಿಂಗಳುಗಟ್ಟಲೆ ತಟ್ಟೆ ಕಸಿದದ್ದು ಆಮೇಲೆ ಹೊರಬಿತ್ತು. ಆರು ಅಡಿ ಆಚೆಯಿಂದ ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ತುಣುಕನ್ನು ಎಸೆದು ಹಿಂದಿರುಗುವುದು, ನಾಯಿಯ ಮೈ ಸಡಿಲವಾಗಿದ್ದರೆ ಮಾತ್ರ ವಾರಕ್ಕೆ ಅರ್ಧ ಅಡಿ ಹತ್ತಿರವಾಗುವುದು, ತಟ್ಟೆಗೆ ಕೈ ಹಾಕದಿರುವುದು: ದುರಸ್ತಿ ಇಷ್ಟೇ. ಗುರುಗುಟ್ಟಿದ್ದಕ್ಕೆ ಹೊಡೆಯಬಾರದು. ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವ ಕಾರಣ ಹಾಗೆಯೇ ಉಳಿಯುತ್ತದೆ. ‘ಸುಳಿವೇ ಇಲ್ಲದೆ ಕಚ್ಚಿತು’ ಎನ್ನುವ ಮನೆಗಳಲ್ಲಿ ಆ ಸುಳಿವನ್ನು ಹೊಡೆದು ಅಳಿಸಿದವರು ಒಬ್ಬರಾದರೂ ಇರುತ್ತಾರೆ.

ಮುಧೋಳ ನಾಯಿ ಸಾಕುವವರಿಗೆ ಒಂದು ಮಾತು. ಹೊಲದಲ್ಲಿ ಮೊಲ ಎದ್ದಾಗ ಅದು ನಿಮ್ಮ ಕೂಗನ್ನು ಕೇಳದೆ ಓಡಿದರೆ ಅವಿಧೇಯತೆ ಎಂದು ಬರೆಯಬೇಡಿ. ಓಡುವುದನ್ನು ಕಂಡು ಬೆನ್ನಟ್ಟುವುದಕ್ಕಾಗಿಯೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿಯದು. ಕೆಲ್ಲರ್ ಮತ್ತು ಮರಿಯನ್ ಬ್ರೆಲ್ಯಾಂಡ್ ದಂಪತಿ ನಾಣ್ಯವನ್ನು ಪೆಟ್ಟಿಗೆಗೆ ಹಾಕಲು ಕಲಿಸಿದ್ದ ರಕೂನ್ ಎಂಬ ಪ್ರಾಣಿ, ಆಹಾರ ಸಿಗುವುದು ತಡವಾದರೂ ನಾಣ್ಯಗಳನ್ನು ಬಿಡದೆ ಒಂದಕ್ಕೊಂದು ಉಜ್ಜುತ್ತ ಕೂತದ್ದನ್ನು 1961ರಲ್ಲಿ ವರದಿ ಮಾಡಿದರು. ಬಹುಮಾನದಿಂದ ಏನನ್ನಾದರೂ ಕಲಿಸಬಹುದೆಂದು ನಂಬಿದ್ದ ತರಬೇತುದಾರರೇ, ಹುಟ್ಟುಗುಣ ಕಲಿಕೆಯನ್ನು ಮೀರುತ್ತದೆ ಎಂದು ಹೀಗೆ ಒಪ್ಪಿಕೊಂಡದ್ದು ನನಗೆ ಇಂದಿಗೂ ಮೆಚ್ಚುಗೆಯ ಸಂಗತಿ.

ಪ್ರಾಣಿಯ ಕಣ್ಣಿನ ಎತ್ತರದಿಂದ ನೋಡುವುದು

ಹಾವೇರಿ ಕಡೆ ದೀಪಾವಳಿಯ ಹೋರಿ ಬೆದರಿಸುವ ಹಬ್ಬದ ಹೋರಿಗಳ ಬಗ್ಗೆ, ಕೆಂಪು ಕಂಡರೆ ಅವಕ್ಕೆ ಸಿಟ್ಟು ಎಂಬ ಮಾತಿದೆ. ದನಗಳ ಕಣ್ಣಿನಲ್ಲಿ ಎರಡೇ ಬಗೆಯ ಬಣ್ಣದ ಕೋಶಗಳಿವೆ, ಕೆಂಪನ್ನು ಅವು ನಮ್ಮಂತೆ ಬೇರ್ಪಡಿಸಿ ಕಾಣಲಾರವು; ಅವುಗಳ ಗಮನ ಸೆಳೆಯುವುದು ಬಟ್ಟೆಯ ಅಲುಗಾಟ. ಅವು ಸುತ್ತಲೂ ಸುಮಾರು 330 ಡಿಗ್ರಿಯಷ್ಟು ನೋಡಬಲ್ಲವು, ತೀರ ಬೆನ್ನ ಹಿಂದೆ ಮಾತ್ರ ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಹೋದವರನ್ನು ಒದ್ದರೆ ಅದಕ್ಕೆ ‘ಹಗೆ’ ಎಂಬ ಹೆಸರು ಬೇಡ. ಜನರ ನಡುವೆ ನುಗ್ಗಿ ಹೋಗುವುದಕ್ಕೆಂದೇ ವರ್ಷವಿಡೀ ತಯಾರು ಮಾಡಿ ಮೆಚ್ಚುಗೆ ಪಡೆದ ಹೋರಿಯು ಓಣಿಯಲ್ಲಿ ಜನರ ನಡುವೆ ನುಗ್ಗಿದಾಗ ‘ಸೊಕ್ಕು’ ಎನ್ನುವುದೂ ನ್ಯಾಯವಲ್ಲ.

ನಮ್ಮ ಕೈಯ ಪರೀಕ್ಷೆ

ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತಿತ್ತು. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಾಗ ಅದು ಸೋಲುತ್ತಿತ್ತು ಎಂದು ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿದರು. ಕುದುರೆ ನೋಡುತ್ತಿದ್ದದ್ದು ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳುವವರ ತಲೆ ಕೂದಲೆಳೆಯಷ್ಟು ಅಲುಗುವುದನ್ನು. ‘ನನ್ನ ಮಾತು ಕೇಳುತ್ತದೆ, ಮನೆಯವರ ಮಾತು ಕೇಳುವುದಿಲ್ಲ’ ಎಂಬ ದೂರಿಗೆ ಈ ಪರೀಕ್ಷೆ ಸಾಕು: ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಾತು ಮಾತ್ರ ಹೇಳಿ, ಆಮೇಲೆ ಬಾಯಿ ಮುಚ್ಚಿ ಕೈ ಮಾತ್ರ ಆಡಿಸಿ. ನಾಯಿ ಕಲಿತದ್ದು ‘ಕೂತ್ಕೋ’ ಎಂಬ ಪದವನ್ನಲ್ಲ, ನಿಮ್ಮ ಮೊಣಕೈ ಮಡಚುವುದನ್ನು ಎಂದು ತಿಳಿದಾಗ ಸ್ವಲ್ಪ ಮುಜುಗರವಾಗುತ್ತದೆ. ನನಗೂ ಆಗಿದೆ.

ಸರಿಹೋದಂತೆ ಕಾಣುವ ದೋಷ

‘ಮೊಂಡ’ ಎಂಬ ಪದದಷ್ಟೇ ಎಚ್ಚರಿಕೆಯಿಂದ ನೋಡಬೇಕಾದದ್ದು ‘ಈಗ ಸಾಧು ಆಗಿದೆ’ ಎಂಬ ಮಾತು. ಅಮೆರಿಕದ ಮನೋವಿಜ್ಞಾನಿಗಳಾದ ಸೆಲಿಗ್ಮನ್ ಮತ್ತು ಮೇಯರ್ 1967ರಲ್ಲಿ ನಾಯಿಗಳ ಮೇಲೆ ಮಾಡಿದ, ಇಂದು ಯಾರೂ ಒಪ್ಪದ ಪ್ರಯೋಗದಲ್ಲಿ, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳಲ್ಲಿ ಹೆಚ್ಚಿನವು, ತಪ್ಪಿಸಿಕೊಳ್ಳುವ ದಾರಿ ಎದುರಿಗಿದ್ದರೂ ಬಿದ್ದುಕೊಂಡೇ ಇದ್ದವು. ಹೊಡೆದು ಪಳಗಿಸಿದ ಪ್ರಾಣಿಯ ಸುಮ್ಮನಿರುವಿಕೆ ಇಂಥದ್ದಾಗಿರಬಹುದು. ಬೇರ್ಪಡಿಸಲು ವಹಿಯಲ್ಲಿ ಮತ್ತೆ ಮೈಯನ್ನೇ ಬರೆಯಬೇಕು: ಮೇವು ತಿನ್ನುತ್ತದೆಯೇ, ಮೆಲುಕು ಹಾಕುತ್ತದೆಯೇ, ಹೆಸರು ಕರೆದಾಗ ಕಿವಿ ತಿರುಗುತ್ತದೆಯೇ, ಕಣ್ಣಿ ಬಿಚ್ಚಿದಾಗ ತಾನಾಗಿ ಹೆಜ್ಜೆ ಇಡುತ್ತದೆಯೇ. ನಿರಾಳವಾದ ಎತ್ತು ಸುಮ್ಮನೆ ಮಲಗಿರುವಾಗಲೂ ನೊಣಕ್ಕೆ ಬಾಲ ಬೀಸುತ್ತದೆ, ಬಾಗಿಲು ಸದ್ದಾದರೆ ತಲೆ ಎತ್ತುತ್ತದೆ.

ಕುಂದಗೋಳದ ಎತ್ತಿನ ನೋಟ್‌ಬುಕ್ ಈಗಲೂ ಆ ಮನೆಯ ದನದ ಮನೆಯ ಗೂಡಿನಲ್ಲಿದೆ. ಮೊಮ್ಮಗಳ ಕೊನೆಯ ನಮೂದು ಎತ್ತಿನದಲ್ಲ, ನೊಗದ್ದು: “ನೊಗಕ್ಕ ಗೋಣಿಚೀಲ ಸುತ್ತೇವಿ. ಮಳಿಯಾಗ ತೊಯ್ದು ಬಿರುಸ ಆಗತೈತಿ. ವಾರಕ್ಕೊಮ್ಮೆ ಬಿಚ್ಚಿ ಒಣಗಸಬೇಕು.” ಅದರ ಕೆಳಗೆ, ಬೇರೆ ಅಕ್ಷರದಲ್ಲಿ, ಮೂರು ವಾರಗಳ ತಾರೀಖುಗಳಿವೆ. ಕಾಕಾ ಬರೆದದ್ದು.